ತಪ್ಪಿಸಿಕೊಂಡ ಗುಂಡು

“ಕೊನೇ ಘಟ್ಟದಲ್ಲಿ ಮೊದಲ ಗುಂಡು ತಿಂದ್ಬಿಡು. ತಪ್ಪಿಸ್ಕೋಬೇಡ,” ಎಂದಳು ಮೇಲ್ವಿಚಾರಕಿ.

ವಿಡಿಯೋ ಗೇಮುಗಳನ್ನು ಮಾರಾಟಕ್ಕೆ ಬಿಡುವ ಮುಂಚೆ ಆಡಿ ಪರೀಕ್ಷಿಸುವ ಆ ಕಚೇರಿಗೆ ಅವನು ಹೊಸಬ. ಬೆರಳಿನ ಚುರುಕು ಕಂಡು ಉಳಿದವರು ಆಗಲೇ ‘ಪಾದರಸ’ ಎಂದು ಹೆಸರಿಟ್ಟಿದ್ದರು.

“ತಪ್ಪಿಸ್ಕೊಳ್ಳೋದೇ ನನ್ನ ಕಸುಬು ಮೇಡಂ,” ಎಂದು ನಕ್ಕ.

“ನಗಬೇಡ. ಆ ಘಟ್ಟದ ಬಂದೂಕಿನವನನ್ನ ರೂಪಿಸಿದೋನಿಗೆ ಇಲ್ಲಿ ಮೋಸ ಆಯ್ತು. ತನ್ನ ಕೂದಲು, ಉಗುರು ಗಂಟುಕಟ್ಟಿ ಆಟದ ಮೆಷೀನಿನೊಳಗಿಟ್ಟು ಮಾಟ ಮಾಡಿ ಹೋದ. ಎಷ್ಟು ಹುಡುಕಿದ್ರೂ ಗಂಟು ಸಿಗಲಿಲ್ಲ. ಮೊದಲ್ನೇದು ತಿಂದ್ರೆ ಬರೀ ಆಟ ಸೋಲ್ತೀಯ. ನೀನು ತಪ್ಪಿಸ್ಕೊಂಡ ಗುಂಡು ನಿನ್ನೋರಿಗೆ ತಗಲುತ್ತೆ, ಆಮೇಲೆ ತಿಂದದ್ದು ನಿನಗೇ.” ಅವಳ ದನಿ ಇಳಿಯಿತು. “ನಮ್ಮನೆಯವರು ಇವತ್ತಿಗೂ ಹಾಸಿಗೆ ಬಿಟ್ಟೆದ್ದಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ಪಾದರಸ ಒಳಹೋಗಿ ಕದ ಹಾಕಿದ. ಅವನಿಗೆ ತನ್ನವರೆಂದರೆ ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ಅಕ್ಕ ಒಬ್ಬಳೇ.

ಹೊರಗೆ ಸುಡು ಮಧ್ಯಾಹ್ನ. ಒಳಗೆ ಕಪ್ಪು ಪರದೆಗಳ ದಟ್ಟ ಕತ್ತಲು, ಕಾದ ತಂತಿಯ ವಾಸನೆ. ತೆರೆಯ ಮೇಲೆ ಪಾಳುಬಿದ್ದ ಅಂಗಳ, ಅದರಾಚೆ ಮುಖವಿಲ್ಲದ ಬಂದೂಕಿನವನು. ಗುಂಡಿಗೆ ಬೆನ್ನು ಕೊಟ್ಟು ಓಡಿದವನು ಕೆಟ್ಟ. ಅದು ಬರುವ ಕಡೆಗೇ ಉರುಳಬೇಕು. ಉರುಳುವಷ್ಟು ಹೊತ್ತು ಏನೂ ತಗಲದು. ಎದ್ದ ಕ್ಷಣವೇ ಗುರಿಯಿಟ್ಟು ಹೊಡೆಯಬೇಕು. ಪಾದರಸನಿಗೆ ಇದು ನೀರು ಕುಡಿದಷ್ಟು ಸಲೀಸು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

“ಊಟ ಆಯ್ತೇನೋ?”

“ಒಂದ್ನಿಮಿಷ ಇರಕ್ಕಾ.”

ಮೊದಲ ಗುಂಡು ಹಾರಿತು. ಅವನು ಗುಂಡಿಯೊತ್ತಿ ಉರುಳಿದ.

“ಅಯ್ಯೋ!” ಫೋನಿನಲ್ಲಿ ಪಾತ್ರೆ ಬಿದ್ದು ಉರುಳಿದ ಸದ್ದು. “ಭುಜ ಕಣೋ… ಯಾರೋ ಗುದ್ದಿದ ಹಾಗಾಯ್ತು.”

ಕಾಕತಾಳೀಯ ಎಂದುಕೊಂಡ. ಎರಡನೆಯದು ಬಂತು. ಬೆರಳು ತಾನಾಗಿ ಒತ್ತಿತು. ಅಕ್ಕ ಚೀರಿದಳು. “ರಕ್ತ ಕಣೋ! ಗಾಯಾನೇ ಇಲ್ಲ, ರಕ್ತ ಬರ್ತಿದೆ!”

ಪಾದರಸ ಆಟ ನಿಲ್ಲಿಸುವ ಗುಂಡಿ ಒತ್ತಿದ. ನಿಲ್ಲಲಿಲ್ಲ. ವೈರು ಕಿತ್ತೆಸೆದ. ತೆರೆ ಆರಲಿಲ್ಲ. ಸುಟ್ಟ ಕೂದಲಿನ ನಾತ ಮೂಗಿಗೆ ಅಡರಿತು. ಮುಖವಿಲ್ಲದವನು ಬಂದೂಕು ಎತ್ತಿದ. ಈ ಸಲ ಎದೆಗೆ ಗುರಿ.

ತಿನ್ನಬೇಕು. ಈ ಗುಂಡು ತಾನೇ ತಿನ್ನಬೇಕು. ಆದರೆ ವರ್ಷಗಟ್ಟಲೆ ಪಳಗಿದ ಹೆಬ್ಬೆರಳು ಅವನ ಮಾತು ಕೇಳದು. ಅದು ಆಗಲೇ ಉರುಳುವ ಗುಂಡಿಯ ಮೇಲಿತ್ತು. ಇನ್ನೇನು ಒತ್ತುತ್ತದೆ. ಒತ್ತುತ್ತದೆ.

ಕೈಯಲ್ಲಿದ್ದ ಕಂಟ್ರೋಲರನ್ನು ಗೋಡೆಗೆ ಬೀಸಿ ಒಗೆದ.

ತೆರೆಯ ಅಂಗಳದಲ್ಲಿ ಅವನು ಆಡಿಸುತ್ತಿದ್ದ ಆಟಗಾರ ಕದಲದೆ ನಿಂತ. ಎದೆ ಕಾಯಲು ತಾನಾಗಿಯೇ ಎರಡೂ ಕೈ ಅಡ್ಡ ಹಿಡಿದ. ಗುಂಡು ಸಿಡಿಯಿತು. ಮತ್ತೊಂದು. ಮತ್ತೊಂದು. ಎಲ್ಲವೂ ಕೈಗೇ. ಪಾದರಸನ ಹೆಗಲಿಂದ ಕೆಳಗೆ ಬೆಂಕಿ ಹರಿಯಿತು. ಆಮೇಲೆ ಮಂಜು. ಆಮೇಲೆ ಏನೂ ಇಲ್ಲ.

ತೆರೆ ಆರಿತು.

“ನೋವು ಹೋಯ್ತು ಕಣೋ,” ಎಂದಳು ಅಕ್ಕ, ಏದುಸಿರು ಬಿಡುತ್ತ. “ರಕ್ತಾನೂ ನಿಲ್ತು. ದೇವರು ದೊಡ್ಡೋನು. ನೀನ್ಯಾಕೋ ಮಾತಾಡ್ತಿಲ್ಲ?”

ಫೋನು ಎತ್ತಿಕೊಳ್ಳಲು ನೋಡಿದ. ಎರಡು ಕೈಗಳೂ ಹೆಗಲಿಂದ ಸುಮ್ಮನೆ ಜೋತಾಡಿದವು. ಬೆರಳುಗಳು ಕಪ್ಪಾಗಿದ್ದವು. ಬಗ್ಗಿ, ಮೇಜಿನ ಮೇಲಿದ್ದ ಫೋನಿನ ಹತ್ತಿರಕ್ಕೆ ಬಾಯಿ ತಂದ.

“ಏನಿಲ್ಲಕ್ಕಾ,” ಎಂದ. “ಆಟ ಸೋತೆ, ಅಷ್ಟೆ.”