ಕೆಂಚಕ್ಕ ಕಂಡ ಗುರುತು

ಕನಕರಾಜ್ ಜೋಗಿಮಟ್ಟಿಗೆ ಕರೆದಾಗಲೇ ಅನುಸೂಯಳಿಗೆ ಅನುಮಾನ ಬಂದಿತ್ತು. ನಿಶ್ಚಯವಾದ ಹುಡುಗ ಹುಡುಗಿಯನ್ನು ಗುಡ್ಡಕ್ಕೆ ಕರೆಯುವುದು ಎರಡೇ ಕಾರಣಕ್ಕೆ: ಪ್ರೀತಿ ಹೇಳಲಿಕ್ಕೆ, ಇಲ್ಲವೇ ಸಂಬಂಧ ಬೇಡವೆನ್ನಲಿಕ್ಕೆ. ಇವನ ಬಿಗಿದ ಮುಖದಲ್ಲಿ ಪ್ರೀತಿಯೇನೂ ಕಾಣುತ್ತಿರಲಿಲ್ಲ.

ಕಾರಣವೂ ಅವಳಿಗೆ ಗೊತ್ತಿತ್ತು. ಮೊನ್ನೆ ಹಿರಿಯೂರಿನಲ್ಲಿ ಧಾರೆ ಸೀರೆ ಉಡಿಸಿ ನೋಡುವಾಗ, ನೆರಿಗೆ ಸಿಕ್ಕಿಸುತ್ತಿದ್ದ ಅವನ ಸೋದರತ್ತೆ ಕೆಂಚಕ್ಕನ ಕೈ ಹೊಕ್ಕುಳ ಹತ್ತಿರ ನಿಂತುಬಿಟ್ಟಿತ್ತು. ಅಲ್ಲಿ ಹೊಲಿಗೆಯ ಪುಟ್ಟ ಗುರುತುಗಳಿದ್ದವು. ಕೆಂಚಕ್ಕನ ಓರಗೆಯ ಹೆಂಗಸರಿಗೆ ಅಂಥ ಗುರುತೆಂದರೆ ಒಂದೇ ಅರ್ಥ: ಮಕ್ಕಳು ಸಾಕೆಂದು ಕ್ಯಾಂಪಿನಲ್ಲಿ ಮಾಡಿಸಿಕೊಂಡ ಆಪರೇಷನ್. ಕೆಂಚಕ್ಕನಿಗೂ ಅಲ್ಲೇ ಒಂದಿತ್ತು. ಏನೂ ಕೇಳದೆ ಸುಮ್ಮನೆ ಸೆರಗು ಸರಿ ಮಾಡಿದ್ದಳು. ಕೇಳಿದ್ದರೆ ಚೆನ್ನಾಗಿತ್ತು.

“ನಮ್ಮತ್ತೆ ಏನೋ ಹೇಳಿದ್ರು,” ಎಂದ ಕನಕರಾಜ್, ಕೆಳಗಿನ ಊರನ್ನು ನೋಡುತ್ತ.

“ನಂಗೆ ಮೊದ್ಲೇ ಮದ್ವೆಯಾಗಿ ಮಕ್ಳು ಅವೆ ಅಂತಾನಾ?”

ಅವನ ಕಿವಿ ಕೆಂಪಾಯಿತು. ಆ ಕಿವಿ ಕಂಡರೆ ಅವಳಿಗೆ ಮೊದಲಿಂದಲೂ ಮುದ್ದು. ಇವತ್ತು ಸಿಟ್ಟೂ ಬಂತು. ಬ್ಯಾಗಿನಿಂದ ಫೈಲ್ ತೆಗೆದು ಕೈಗಿಟ್ಟಳು.

“ಓದ್ರಿ. ಜೋರಾಗೇ ಓದ್ರಿ.”

ಆಸ್ಪತ್ರೆಯ ಇಂಗ್ಲಿಷನ್ನು ಅವನು ತಡವರಿಸುತ್ತ ಓದಿದ. ಎಡ ಅಂಡಾಶಯದಲ್ಲಿ ಗಡ್ಡೆ. ಲ್ಯಾಪರೋಸ್ಕೋಪಿಯಿಂದ ತೆಗೆಯಲಾಗಿದೆ. ಬಯಾಪ್ಸಿ ಪ್ರಕಾರ ಕ್ಯಾನ್ಸರ್ ಅಲ್ಲ.

“ಗಡ್ಡೆ ಅಷ್ಟೇ ತೆಗ್ದವ್ರೆ, ಅಂಡಾಶಯ ಹಂಗೇ ಐತೆ. ಮಕ್ಳಿಗೇನೂ ತೊಂದ್ರೆ ಇಲ್ಲ ಅಂದ್ರು ಡಾಕ್ಟ್ರು. ಆದ್ರೂ ಬ್ಯಾಡ ಅನ್ಸಿದ್ರೆ ಈಗ್ಲೇ ಹೇಳ್ರಿ.”

ಅವನ ಬೆರಳು ತಾರೀಖಿನ ಮೇಲೆ ನಿಂತಿತ್ತು.

“ಜುಲೈ ಒಂಬತ್ತು. ಅವತ್ತು ಬ್ಯಾಂಕಿನ ಟ್ರೈನಿಂಗ್ ಐತೆ ಅಂದಿದ್ರಿ. ಸಂಜೆ ಫೋನ್ ಮಾಡಿದ್ರೆ ಎರಡೇ ಮಾತಾಡಿ ಇಟ್ರಿ.”

“ಆಪರೇಷನ್ ಆಗಿ ಗಂಟ್ಲು ಒಣಗಿತ್ತು. ನಿಜ ಹೇಳಿದ್ರೆ ಎಲ್ಲಿ ಬಿಟ್ಟು ಹೋಗ್ತೀರೋ ಅಂತ ಹೆದ್ರಿಕೆ.”

“ಅತ್ತೆ ಮಾತು ನಾನು ನಂಬ್ಲಿಲ್ಲ. ಆದ್ರೆ ಆ ಫೋನಿಂದ ಇಲ್ಲೀತಂಕ, ನಿಮ್ ಮನಸ್ನಾಗೆ ಬೇರೆ ಯಾರೋ ಅವ್ರೆ ಅನ್ಕಂಡಿದ್ದೆ. ಅದನ್ನ ಕೇಳಕ್ಕೇ ಕರ್ದಿದ್ದು. ಹೂಂ ಅಂದಿದ್ರೆ ನಾನೇ ಸರಿದುಬಿಡಾಣ ಅಂತಿದ್ದೆ.”

ಅನುಸೂಯಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಎರಡು ತಿಂಗಳು ಇವನೂ ತನ್ನಂತೆಯೇ ನಿದ್ದೆಗೆಟ್ಟಿದ್ದ.

ಅವನು ಫೈಲನ್ನು ಮುಚ್ಚಿದ, ಹಿಂದಿರುಗಿಸಲಿಲ್ಲ.

“ಮುಂದಿನ ಚೆಕಪ್ ಯಾವಾಗ?”

“ಸೋಮವಾರ. ಅವ್ವ ಬರ್ತಾಳೆ.”

“ನಾನು ರಜಾ ಹಾಕ್ತೀನಿ.”

“ಜತೆಗ್ ಬಂದೋರು ಯಾರು ಅಂತ ಚೀಟಿ ಬರೆಯೋರು ಕೇಳ್ತಾರೆ.”

“ಗಂಡ ಅಂತ ಬರ್ಸ್ರಿ,” ಎಂದ. ಈ ಸಲ ಅವನು ಊರ ಕಡೆ ನೋಡುತ್ತಿರಲಿಲ್ಲ. ಕಿವಿ ಮಾತ್ರ ಇನ್ನೂ ಕೆಂಪಗೇ ಇತ್ತು.