ಎಡಗೈಯ ಸ್ಯಾಂಪಲ್

"ಓಲೆನಾ ಅಜ್ಜಿ ರಕ್ತ ಹೆಪ್ಪೇ ಗಟ್ತಿಲ್ವಂತೆ ಕಣೋ! ಲ್ಯಾಬ್‌ನೋರು ಈಗಷ್ಟೇ ಫೋನ್ ಮಾಡಿದ್ರು. ಮಷಿನ್‌ಗೆ ಅಳೆಯೋಕೂ ಆಗ್ಲಿಲ್ವಂತೆ!"

ಜೋಮಾರ್‌ನ ಕೈಯಲ್ಲಿದ್ದ ಬೆಡ್‌ಶೀಟ್ ಅರ್ಧ ಮಡಿಕೆಯಲ್ಲೇ ನಿಂತಿತು. ಬೆಳಿಗ್ಗೆ ಆ ರಕ್ತ ತೆಗೆದವನು ಅವನೇ. ವಿನ್ನಿಪೆಗ್‌ನ ಈ ವಾರ್ಡಿನಲ್ಲಿ ನಾವಿಬ್ಬರೂ ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳು; ನಮ್ಮನ್ನು ನೋಡಿಕೊಳ್ಳುವ ಹಿರಿಯ ನರ್ಸ್ ಬರ್ನಿಸ್ ಮೇಡಂ.

"ಸುಮ್ನಿರು ಸಿಗ್ರಿಡ್, ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ. ಬರ್ನಿಸ್ ಮೇಡಂ ಡಾಕ್ಟರಿಗೆ ಹೇಳ್ತಿದ್ದಾರೆ. ಹೆಪಾರಿನ್ ನಿಲ್ಲಿಸ್ತಾರಂತೆ."

ಅಜ್ಜಿಯ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ. ಅದು ಬೆಳೆಯದಂತೆ ತಡೆಯುತ್ತಿರುವುದು ಕತ್ತಿನ ನರಕ್ಕೆ ಹಾಕಿದ ಲೈನಿನಲ್ಲಿ ಇಳಿಯುತ್ತಿರುವ, ರಕ್ತ ತೆಳುವಾಗಿಸುವ ಹೆಪಾರಿನ್ ಒಂದೇ. ಸುಮ್ಮಸುಮ್ಮನೆ ನಿಲ್ಲಿಸಿಬಿಟ್ಟರೆ?

ಆದರೆ ಈಗಷ್ಟೇ ನಾನು ಅಜ್ಜಿಗೆ ಹಲ್ಲುಜ್ಜಿಸಿದ್ದೆ. ರಕ್ತ ಹೆಪ್ಪೇ ಗಟ್ಟದಿದ್ದರೆ ಒಸಡು ಸೋರಬೇಕಿತ್ತು, ಒಂದು ಹನಿಯೂ ಇರಲಿಲ್ಲ. "ಆ ಹುಡುಗ ನಿನ್ನೇ ನೋಡ್ತಾ ನನ್ನ ಟೀಗೆ ಎರಡೆರಡು ಸಲ ಸಕ್ಕರೆ ಹಾಕ್ದ ಕಣಮ್ಮ" ಎಂದು ಬಾಯಿ ತುಂಬ ನೊರೆಯಿಟ್ಟುಕೊಂಡೇ ನಕ್ಕಿದ್ದರು.

ಕೇಳಲೇಬೇಕು. ಕೇಳಿದರೆ ಅವನ ತಪ್ಪು ಹಿಡಿದಂತೆ. ಹೋದ ವಾರ ಅವನು ಕಾಫಿಗೆ ಕರೆದಾಗ 'ನೋಡೋಣ' ಎಂದು ಓಡಿಹೋಗಿದ್ದವಳು ನಾನು. ಇನ್ನು ಕರೆಯುವುದೇ ಇಲ್ಲವೇನೋ.

"ಜೋ, ರಕ್ತ ಎಲ್ಲಿಂದ ತೆಗ್ದೆ?"

"ಕತ್ತಿನ ಲೈನಿಂದ." ಅವನ ಕಿವಿ ಕೆಂಪಾಯಿತು. "ಅವರ ಕೈ ನೋಡಿದ್ಯಾ? ಚುಚ್ಚಿ ಚುಚ್ಚಿ ನೀಲಿ. ಬೇಡಪ್ಪಾ ಅಂತ ಅತ್ರು."

"ಲೈನಿಗೆ ಎರಡು ಬಾಯಿ ಇದ್ಯಲ್ಲ, ಹೆಪಾರಿನ್ ಹೋಗ್ತಿರೋ ಬಾಯಿಂದಾನೇ?"

"ಇನ್ನೊಂದು ಬಾಯಿ ಕಟ್ಕೊಂಡಿತ್ತು. ಪಂಪ್ ನಿಲ್ಸಿ, ಸಲೈನಲ್ಲಿ ತೊಳ್ದು, ಮೊದಲು ಬಂದ ರಕ್ತ ಚೆಲ್ಲಿದ್ದೀನಿ ಮಾರಾಯ್ತಿ!"

"ಎಷ್ಟು ತೊಳೆದ್ರೂ ಒಳಗಡೆ ಅಂಟ್ಕೊಂಡಿರತ್ತೆ ಕಣೋ. ಲ್ಯಾಬ್‌ನೋರು ಅಳೆದಿದ್ದು ಅಜ್ಜಿ ರಕ್ತಾನಲ್ಲ, ಆ ಔಷಧೀನ."

ಆ ಕಂದು ಕಣ್ಣುಗಳಲ್ಲಿ ಮೊದಲು ಸಿಟ್ಟು ಬಂತು. ಆಮೇಲೆ ಭಯ. ಬೆಡ್‌ಶೀಟ್ ಎಸೆದು ಓಡಿದ. ಹಿಂದೆಯೇ ನಾನು.

ಬರ್ನಿಸ್ ಮೇಡಂ ಅಜ್ಜಿಯ ಮಂಚದ ಪಕ್ಕ ಭುಜಕ್ಕೆ ಫೋನ್ ಸಿಕ್ಕಿಸಿಕೊಂಡು ನಿಂತಿದ್ದರು. ಬೆರಳು ಹೆಪಾರಿನ್ ಪಂಪಿನ ಗುಂಡಿಯ ಮೇಲಿತ್ತು.

"ಮೇಡಂ, ತಾಳಿ! ನಾನು ಹೆಪಾರಿನ್ ಲೈನಿಂದಾನೇ ತೆಗ್ದೆ. ತಪ್ಪು ನಂದು."

ಅವರು ಅವನನ್ನು ನುಂಗುವಂತೆ ನೋಡಿದರು. ಫೋನಿನಲ್ಲಿ ಎರಡು ಮಾತಾಡಿದರು. "ಡಾಕ್ಟರ್ ಕಾಯ್ತಾರೆ. ಲೈನು ಬಲಗಡೆ ಇದೆ, ಎಡಗೈಯಿಂದ ತೆಗೀರಿ. ಬೇಗ!"

ಜೋಮಾರ್ ಸೂಜಿಯ ಪೊಟ್ಟಣವನ್ನು ನನ್ನ ಕೈಗಿಟ್ಟ. "ನೀನೇ ತೆಗಿ" ಎಂದು ಪಿಸುಗುಟ್ಟಿದ.

ನೀಲಿ ಕಲೆಗಳ ನಡುವೆ ಒಂದು ನರ ಸಿಕ್ಕಿತು. ಅಜ್ಜಿ ಕಣ್ಣು ಮುಚ್ಚಿದರು, ನಾನು ಸೂಜಿ ಚುಚ್ಚಿದೆ. ಕೊಳವೆ ತುಂಬಿತು. ಸೂಜಿ ತೆಗೆದು ಹತ್ತಿ ಒತ್ತಿದೆ. ನನ್ನ ಬೆರಳ ಮೇಲೆ ಅವನ ಬೆರಳು ಬಂತು.

"ಹೆಪಾರಿನ್ ಪೇಷಂಟು. ತುಂಬ ಹೊತ್ತು ಒತ್ತಿ ಹಿಡೀಬೇಕು" ಎಂದ.

"ನಂಗೊತ್ತು. ಕೈ ತೆಗಿ."

"ನೀನ್ ತೆಗಿ."

ಇಬ್ಬರೂ ತೆಗೆಯಲಿಲ್ಲ.

"ನಾನಿನ್ನೂ ಬದುಕಿದ್ದೀನಿ ಮಕ್ಕಳೇ" ಎಂದರು ಅಜ್ಜಿ, ಕಣ್ಣು ತೆರೆಯದೆ.

ಸ್ಯಾಂಪಲ್ ಲ್ಯಾಬಿಗೆ ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ಫೋನ್ ಮತ್ತೆ ಬಡಿದುಕೊಂಡಿತು. ಮೇಡಂ ಕೇಳಿಸಿಕೊಂಡರು. ಮುಖ ಸಡಿಲವಾಯಿತು. "ಎಷ್ಟಿರಬೇಕೋ ಅಷ್ಟೇ ಇದೆ. ಹೆಪಾರಿನ್ ನಡೀಲಿ. ಜೋಮಾರ್, ಒಪ್ಕೊಂಡಿದ್ದು ಒಳ್ಳೇದಾಯ್ತು. ಬೈಗುಳ ಮಾತ್ರ ತಪ್ಪಲ್ಲ, ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬಾ."

ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ ನಿಂತ.

"ಬೈಸ್ಕೊಂಡ್ ಬಂದ್ಮೇಲೆ ಏನ್ ಮಾಡ್ತೀಯ?" ಎಂದೆ.

"ಅಳ್ತೀನಿ."

"ಒಬ್ನೇ ಅಳ್ಬೇಡ. ಎದುರಿನ ಡೋನಟ್ ಅಂಗಡೀಲಿ ಕಿಟಕಿ ಪಕ್ಕ ಕೂತಿರ್ತೀನಿ."

ಅವನು ನಿಧಾನವಾಗಿ ತಲೆಯೆತ್ತಿದ. "ಬರ್ತೀಯಾ? ಇಲ್ಲ ಮತ್ತೆ 'ನೋಡೋಣ'ನಾ?"

"ನಾಳೆ, ಹತ್ತು ಗಂಟೆಗೆ. ನನ್ನ ಕಾಫಿಗೆ ಸಕ್ಕರೆ ಒಂದೇ ಸಲ ಹಾಕು."