ಇಬ್ಬರ ಗುಟ್ಟು ಕೇಳಿದವನು

"ನನ್ನೊಳಗಿನ ಮಗೂನ ಹುಡುಕ್ಕೊಂಡು ಹೋದೆ ಕಣ್ರೀ... ಸಿಕ್ಕಿದ್ದು ನಾನು ಬಿಟ್ಟುಬಂದ ಮಗು."

ಹೀಗೆಂದವಳು ಮೈಕ್ ಹಿಡಿದಿದ್ದ ಒಬ್ಬ ಹೆಂಗಸು. ತಿಪಟೂರಿನ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅಲ್ಲಿಯವರೆಗೆ ನಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು.

ನಗುವಿಗೆ ಕಾರಣವಿತ್ತು. 'ಒಳಮನೆಯ ಮಗು' ಎಂಬ ಅಧ್ಯಾತ್ಮದ ಪುಸ್ತಕ ಓದಿದವರು ಆ ಭಾನುವಾರ ಒಟ್ಟು ಸೇರಿದ್ದರು. ಎಲ್ಲರೊಳಗೂ ಮರೆತುಹೋದ ಮಗುವೊಂದು ಕೂತಿದೆ, ಅದನ್ನು ಮಾತನಾಡಿಸಿದರೆ ದೇವರನ್ನೇ ಮಾತನಾಡಿಸಿದಂತೆ ಎನ್ನುತ್ತದೆ ಪುಸ್ತಕ. ಓದಿ ಏನನ್ನಿಸಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಅದೂ ನಿಜವಾದ ಹೆಸರಿನಲ್ಲಲ್ಲ, ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಹೆಸರಿನಲ್ಲಿ.

ನಿವೃತ್ತ ಕಂಡಕ್ಟರ್ ನಂಜುಂಡಪ್ಪ "ನಾನು ಗುಂಡ" ಎಂದು ಎದ್ದು ನಿಂತಿದ್ದರು. "ಓದಿದ ಜೋಶಲ್ಲಿ ಮೊಮ್ಮಗನ ಜೊತೆ ಗೋಲಿ ಆಡೋಕೆ ಕೂತೆ ಕಣ್ರಪ್ಪ. ಒಳಗಿನ ಮಗು ಎದ್ದೇಳ್ತು. ನಾನು ಏಳ್ಲಿಲ್ಲ."

ಟೈಲರ್ ರುಕ್ಸಾನ, "ಪುಸ್ತಕ ಮುಗಿಸೋದ್ರೊಳಗೆ ಎರಡು ಸಲ ಅತ್ತುಬಿಟ್ಟೆ, ಮೂರು ಸಲ ಸಾರು ಸೀದುಹೋಯ್ತು" ಎಂದಿದ್ದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಯೋಗಿತಾ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅವಳಿಗೆ ಅವತ್ತು ಸುಮ್ಮಸುಮ್ಮನೆ ನಗು ಬರುತ್ತಿತ್ತು. ಭೀಮರಾಜು ಅವಳ ಬಳಿ ಮದುವೆಯ ಮಾತೆತ್ತಿ ತಿಂಗಳಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ 'ಹೂಂ' ಅನ್ನಬೇಕೆಂದು ನಿರ್ಧರಿಸಿಯೇ ಹಸಿರು ಸೀರೆ ಉಟ್ಟು ಬಂದಿದ್ದಳು.

ಆಮೇಲೆ ಈ ಹೆಂಗಸು ಎದ್ದಳು. ಐವತ್ತರ ಆಸುಪಾಸು. "ನಾನು ಪುಟ್ಟಿ, ಅಮ್ಮಸಂದ್ರದೋಳು" ಎಂದಷ್ಟೇ ಹೇಳಿ ಶುರು ಮಾಡಿದಳು.

"ನಮ್ಮವ್ವನ ಮನೇಲಿ ಬಿಟ್ಟೆ. ಆರು ವರ್ಷದ ಕೂಸು. ಕಾಲು ಕಟ್ಕೊಂಡು ಅತ್ತಳು. 'ಅಟ್ಟದ ಮೇಲಿರೋ ಕಾಯಿ ಕೊಬ್ಬರಿ ಆಗೋದ್ರೊಳಗೆ ಬತ್ತೀನಿ ಕಣವ್ವ. ಹತ್ತಿ ಅಲ್ಲಾಡ್ಸಿ ನೋಡು, ಒಳಗೆ ಗಡಗಡ ಅಂದ್ರೆ ಅವ್ವ ಬಂದ್ಲು ಅಂತ್ಲೇ ತಿಳ್ಕೋ' ಅಂದೆ."

ಯೋಗಿತಾ ಕುರ್ಚಿಯ ತುದಿಗೆ ಸರಿದಳು.

ಇದು ನನ್ನ ಕತೆ... ನನ್ನದೇ ಕತೆ!

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಒಬ್ಬನಿಗೆ ಬಿಟ್ಟು. ಆ ಒಬ್ಬ ಬಾಗಿಲ ಬಳಿ ನಿಂತಿದ್ದ. ಹೆಸರಿಗಷ್ಟೇ ಭೀಮ, ಆಷಾಢದ ಗಾಳಿ ಬೀಸಿದರೆ ಏನನ್ನಾದರೂ ಹಿಡಿದುಕೊಂಡು ನಿಲ್ಲಬೇಕಾದ ಆಳು. ಬಸ್ ನಿಲ್ದಾಣದ ಹತ್ತಿರ ಪುಸ್ತಕದಂಗಡಿ ಇಟ್ಟಿದ್ದ. ಓದುಗರ ಈ ಕೂಟ ಕಟ್ಟಿದವನೂ ಅವನೇ. ಅವನಂಗಡಿಯ ಎದುರಿನ ಕನ್ನಡಕದಂಗಡಿಯಲ್ಲಿ ಯೋಗಿತಾಳಿಗೆ ಕೆಲಸ.

ಪ್ರತಿ ಓದುಗನೂ ತನ್ನ ಬಾಲ್ಯದ ನೋವನ್ನು ಒಬ್ಬರಿಗೆ ಹೇಳಿಕೊಳ್ಳಬೇಕು, ಕೇಳಿದವರು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು ಎಂಬುದು ಪುಸ್ತಕದ ನಿಯಮ. ಯೋಗಿತಾ ಭೀಮರಾಜುವಿಗೆ ಹೇಳಿಕೊಂಡಿದ್ದಳು. ದಬ್ಬೇಘಟ್ಟದ ಅಜ್ಜಿ ಮನೆಯ ಅಟ್ಟ, ಅಲುಗಿಸಿದರೆ ಕಾಯಿ ಕೆಡುತ್ತವೆಂದು ಮಾವ ಕೊಟ್ಟ ಪೆಟ್ಟು, ಗಡಗಡ ಎಂದ ದಿನ ಜಡೆ ಹಾಕಿಸಿಕೊಂಡು ಜಗಲಿಯಲ್ಲಿ ಕೂತದ್ದು, ಕೊಬ್ಬರಿ ಸುಲಿದು ಸಂತೆಗೆ ಹೋದ ಮೇಲೂ ಅಮ್ಮ ಬಾರದೇ ಹೋದದ್ದು... ಕೇಳುತ್ತ ಅವನು ಅತ್ತುಬಿಟ್ಟಿದ್ದ. ನಿಜ ಹೇಳಬೇಕೆಂದರೆ ಹುಡುಗಿ ಸೋತದ್ದು ಆ ಕಣ್ಣೀರಿಗೇ.

ಈಗ ಆ ಕತೆ ಮೈಕಿನಲ್ಲಿ!

ಯಾರಿಗೋ ಹೇಳಿಬಿಟ್ಟಿದ್ದಾನೆ. ಅವಳು ಅದನ್ನೇ ತನ್ನದು ಅಂತ ಹೇಳಿಕೊಂಡು ಅಳುತ್ತಿದ್ದಾಳೆ. ನನ್ನ ಎದೆ ಬಗೆದು ಊರಿಗೆಲ್ಲ ಹಂಚಿದನಲ್ಲ... ಎದ್ದು ಹೋಗಬೇಕೆಂದು ಯೋಗಿತಾ ಚೀಲ ಎತ್ತಿಕೊಂಡಳು.

"ಕಾಯಿ ಕೊಬ್ಬರಿ ಆಯ್ತು. ನಾನು ಹೋಗ್ಲಿಲ್ಲ. ಗಂಡ ಸತ್ತೋಳು ಅಂತ ಅಣ್ಣದೀರು ಅಮ್ಮಸಂದ್ರಕ್ಕೆ ಎರಡನೇ ಮದುವೆ ಮಾಡಿದ್ರು. ಮಗು ಇರೋದನ್ನ ಅಲ್ಲಿ ಮುಚ್ಚಿಟ್ಟಿದ್ರು. ಅದೆಲ್ಲ ನೆಪ ಅನ್ನಿ. ಬಸ್ಸಿತ್ತು. ಹೋಗ್ಬೋದಿತ್ತು. ಹೋಗ್ಲಿಲ್ಲ." ಹೆಂಗಸು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಚುಕ್ಕೀ ಅಂತ ಕರೀತಿದ್ದೆ ಅವಳ್ನ."

ಚೀಲ ಕೈಯಲ್ಲೇ ಉಳಿಯಿತು.

ಚುಕ್ಕಿ ಎಂಬ ಹೆಸರನ್ನು ಯೋಗಿತಾ ಭೀಮರಾಜುವಿಗೂ ಹೇಳಿರಲಿಲ್ಲ. ಹಾಗೆ ಕರೆಯುತ್ತಿದ್ದುದು ಲೋಕದಲ್ಲಿ ಒಬ್ಬಳೇ.

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಭೀಮರಾಜುವಿನ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ. ಅವನು ತಲೆ ತಗ್ಗಿಸಿದ.

ಅವನಿಗೆ ಗೊತ್ತಿತ್ತು... ಮೊದಲೇ ಗೊತ್ತಿತ್ತು.

ಅವಳು ಎದ್ದು ಹೋಗಿ ಮಂಟಪದ ಹಿಂಬದಿಯಲ್ಲಿ ಕೈ ತೊಳೆಯುವ ನಲ್ಲಿಗಳ ಹತ್ತಿರ ನಿಂತಳು. ಅವನು ಹಿಂದೆಯೇ ಬಂದ.

"ಯಾವಾಗಿಂದ ಗೊತ್ತು ನಿಮಗೆ?"

"ಯುಗಾದಿ ಆದ್ಮೇಲಿಂದ. ಅಂಗಡಿಗೆ ಬಂದ್ರು, ಕೂತ್ರು. ನಾನೇ ಅವರ ಮಾತು ಕೇಳ್ಬೇಕು ಅಂದ್ರು. ಅರ್ಧ ಹೇಳೋದ್ರೊಳಗೆ ನಂಗೆ ತಿಳೀತು." ಅವನ ದನಿ ಕುಗ್ಗಿತ್ತು. "ನಿಮ್ಮ ಕತೆ ಅವರಿಗೆ ಹೇಳಿದ್ರೆ ನಿಮಗೆ ದ್ರೋಹ. ಅವರದ್ದು ನಿಮಗೆ ಹೇಳಿದ್ರೆ ಅವರಿಗೆ ದ್ರೋಹ. ಬಾಯಿ ಮುಚ್ಕೊಂಡಿದ್ದೆ."

"ಮುಚ್ಕೊಂಡೇ ಇದ್ರಾ? ಇವತ್ತು ಅವರು ಬಂದಿದ್ದು ತಾವಾಗೇನಾ?"

"...ಇಲ್ಲ. ಬಂದು ನಾಲ್ಕು ಮಾತು ಹೇಳಿ ಅಂತ ನಾನೇ ಫೋನ್ ಮಾಡ್ದೆ."

"ನಂಗೂ ಮಾಡಿದ್ರಿ. ಮುಂದೆ ಕೂತ್ಕೊಳ್ಳಿ ಅಂದ್ರಿ. ನಾನು ಬೇರೆ ಏನೋ ಅನ್ಕೊಂಡು ಸೀರೆ ಉಟ್ಕೊಂಡು ಬಂದೆ."

"ಇಬ್ಬರ ಮಾತೂ ಮುರೀದೆ ಇಬ್ಬರನ್ನೂ ಸೇರಿಸ್ಬೋದು ಅನ್ಕೊಂಡೆ ಯೋಗಿತಾ."

"ಭಾರಿ ಜಾಣರು ನೀವು. ಅವತ್ತು ದೊಡ್ಡೋರೆಲ್ಲ ಸೇರಿ ನನ್ನ ಎಲ್ಲಿಡ್ಬೇಕು ಅಂತ ತೀರ್ಮಾನ ಮಾಡಿದ್ರು. ನನ್ನ ಒಂದು ಮಾತು ಕೇಳ್ಲಿಲ್ಲ. ಇವತ್ತು ನೀವೂ ಹಂಗೇ ಮಾಡಿದ್ರಿ. ಅವರು ಬಿಟ್ಟುಹೋದಾಗ ನಂಗೆ ಬುದ್ಧಿ ಇರ್ಲಿಲ್ಲ. ನಿಮ್ಮನ್ನ ಬುದ್ಧಿ ಇದ್ದೇ ನಂಬಿದ್ದು. ಅದಕ್ಕೇ ಇದು ಜಾಸ್ತಿ ನೋಯುತ್ತೆ."

ಪುಸ್ತಕವನ್ನು ಕಂಠಪಾಠ ಮಾಡಿದ್ದ ಗಂಡಸು. ಮಗುವನ್ನು ಮೊದಲು ಕೇಳಬೇಕೆಂಬ ಒಂದು ಸಂಗತಿ ಮಾತ್ರ ತಲೆಗೆ ಹೊಳೆದಿರಲಿಲ್ಲ. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತಕ್ಕೆ ಲೆಕ್ಕವಿಲ್ಲ.

"ತಪ್ಪು ಮಾಡ್ದೆ" ಎಂದ. ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಆಗಲೇ ಆ ಹೆಂಗಸು ಹೊರಗೆ ಬಂದಳು. ಮುಖ ತೊಳೆಯಲು ನಲ್ಲಿಯ ಬಳಿ ಬಂದು, "ಒಸಿ ಜಾಗ ಬುಡವ್ವ" ಎಂದಳು.

ಯೋಗಿತಾ ಸರಿದು ನಿಂತಳು. ಒಂದು ಮೊಳದ ದೂರದಲ್ಲಿ ಅವಳನ್ನು ಹೆತ್ತವಳು ಬಗ್ಗಿ ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಹೆಂಗಸಿಗೆ ಗುರುತು ಸಿಗಲಿಲ್ಲ. ಹೇಗೆ ಸಿಕ್ಕೀತು...

"ಸಾರ್," ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಭೀಮರಾಜುವನ್ನು ಕೇಳಿದಳು, "ಇಷ್ಟೆಲ್ಲ ಬಾಯಿ ಬಿಟ್ಟು ಹೇಳಿದ್ದಾಯ್ತು. ನನ್ನ ಮಗಳು ಸಿಗ್ತಾಳೆ ಅಂತೀರಾ?"

ಅವನು ಯೋಗಿತಾಳ ಕಡೆ ಬೆರಳು ತೋರಿಸಿದರೆ ಸಾಕಿತ್ತು. ಒಂದು ಸಲ ಈ ಕಡೆ ಕಣ್ಣು ಹೊರಳಿಸಿದರೂ ಸಾಕಿತ್ತು.

ಅವನು ನೆಲವನ್ನೇ ನೋಡುತ್ತಿದ್ದ. "ಅದು ನಾನು ಹೇಳೋ ಮಾತಲ್ಲಮ್ಮ. ಹೇಳೋ ಹಕ್ಕು ನನಗಿಲ್ಲ."

"ಅದೂ ನಿಜವೇ. ಬತ್ತೀನಿ ಸಾರ್, ಬಸ್ಸಿಗೆ ಹೊತ್ತಾಯ್ತು."

ಹೆಂಗಸು ಗೇಟು ದಾಟಿದಳು. ಯೋಗಿತಾ ಆ ಬೆನ್ನನ್ನೇ ನೋಡುತ್ತ ಕೇಳಿದಳು: "ಈಗ ನಾನು ಸುಮ್ನೆ ಮನೆಗೆ ಹೋದ್ರೆ?"

"ಹೋಗಿ. ನಾನು ಒಂದು ಮಾತೂ ಆಡಲ್ಲ."

"ಹೋಗಿ ಮಾತಾಡಿದ್ರೆ?"

"ದೂರ ನಿಂತಿರ್ತೀನಿ. ಕೇಳಿಸ್ಕೊಳ್ಳಲ್ಲ."

ಅವಳು ಓಡಲಿಲ್ಲ. ನಡೆದೇ ಹೋದಳು. ಬಸ್ ಸ್ಟಾಪಿನ ಪಕ್ಕದ ಬೇಕರಿಯ ಮುಂದೆ ಹೆಂಗಸನ್ನು ತಡೆದು ನಿಲ್ಲಿಸಿ, ತನ್ನ ಚಿಕ್ಕಂದಿನ ಹೆಸರು ಹೇಳಿದಳು.

ಹೆಂಗಸು ಕುಸಿದು ಬೇಕರಿಯ ಮೆಟ್ಟಿಲ ಮೇಲೆ ಕೂತಳು. ಕೈ ಚಾಚಿದಳು. ಯೋಗಿತಾ ಒಂದು ಹೆಜ್ಜೆ ಹಿಂದೆ ಸರಿದಳು.

"ಈಗ್ಲೇ ಮುಟ್ಬೇಡಿ. ನಿಮ್ಮನ್ನ ಕ್ಷಮಿಸಿದೀನಿ ಅಂತ ಬಂದಿಲ್ಲ. ಬದುಕಿದೀನಿ ಅಂತ ಹೇಳೋಕೆ ಬಂದೆ."

"ಅಷ್ಟು ಸಾಕು ಕಣವ್ವ... ಅಷ್ಟೂ ನಂಗೆ ಜಾಸ್ತಿ."

ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಎರಡು ಬಸ್ಸು ಹೋದವು. ಮೂರನೆಯದನ್ನು ಹೆಂಗಸು ಹತ್ತುವಾಗ ಯೋಗಿತಾ ತಾನಾಗಿಯೇ ಅವಳ ಕೈಚೀಲ ಎತ್ತಿಕೊಟ್ಟಳು. ಅವತ್ತಿಗೆ ಅವಳಿಂದ ಆದದ್ದು ಅಷ್ಟೇ.

ಬಸ್ಸು ಹೊರಟ ಮೇಲೆ ತಿರುಗಿ ನೋಡಿದರೆ, ರಸ್ತೆಯಾಚೆ ಭೀಮರಾಜು ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದ. ಹೋಗುವವರು ಬರುವವರು ನೋಡಿ ನಗುತ್ತಿದ್ದರು. ಅಷ್ಟು ದೂರದಿಂದ ಯಾರ ಮಾತೂ ಕೇಳುತ್ತಿರಲಿಲ್ಲ. ಆದರೂ ಮುಚ್ಚಿಕೊಂಡಿದ್ದ.

ಯೋಗಿತಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ರಸ್ತೆ ದಾಟಿ ಅವನ ಒಂದು ಕೈಯನ್ನು ಕಿವಿಯಿಂದ ಎಳೆದಳು.

"ನನಗಿನ್ನೂ ಸಿಟ್ಟಿದೆ."

"ಇರ್ಲಿ."

"ಬೇಗ ಹೋಗಲ್ಲ ಅದು."

"ಇರ್ಲಿ."

"ಮದುವೆ ಆದ್ಮೇಲೂ ಇರುತ್ತೆ."

ಭೀಮರಾಜು ಗೋಡೆಯಿಂದ ಈ ಕಡೆ ತಿರುಗಿದ. ಅವಳು ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಇರ್ಲಿ..." ಎಂದ, ಕಣ್ಣು ಒರೆಸಿಕೊಳ್ಳುತ್ತ. "ನಾನೂ ಇರ್ತೀನಲ್ಲ."